ಏರುಪೀಠದ ಎರಡನೆಯ ಏರು

ಸಿರಿಗುಂಡ ಪಟ್ಟಣದ ಮೇಲೆ ಯುಗಾದಿಯ ಬೆಳಗಿನ ಬಿಸಿಲು ಬಿದ್ದಾಗ ಮೊದಲು ಹೊಳೆದದ್ದು ದೇಗುಲದ ಕಳಸವಲ್ಲ, ಅರಮನೆಯ ಹೊಸ ಸಭಾಗೃಹದ ನೆತ್ತಿ. ಯಾವುದೋ ಮಹಾಪಕ್ಷಿ ಬೆಟ್ಟದ ತುದಿಯಲ್ಲಿ ಇಟ್ಟು ಮರೆತುಹೋದ ಮೊಟ್ಟೆಯಂತೆ ಅದು ಬೆಳ್ಳಗೆ, ನುಣ್ಣಗೆ, ಕಂಬವಿಲ್ಲದೆ, ಮೂಲೆಯಿಲ್ಲದೆ ನಿಂತಿತ್ತು. ಕೆಳಗಿನ ಬೀದಿಗಳಲ್ಲಿ ತೋರಣ ಕಟ್ಟಿದ್ದರು, ಪನ್ನೀರು ಚೆಲ್ಲಿದ್ದರು. ಆದರೆ ಚರಂಡಿಗಳನ್ನು ಯಾರೂ ತೋಡಿಸಿರಲಿಲ್ಲವಾದ್ದರಿಂದ ಪನ್ನೀರಿನ ಪರಿಮಳವೂ ಕೊಳಚೆಯ ನಾತವೂ ಬೆರೆತು, ಬರೀ ನಾತಕ್ಕಿಂತ ಹೇಸಿಗೆಯಾದ ಒಂದು ವಾಸನೆ ಪಟ್ಟಣದ ಮೇಲೆಲ್ಲ ಕವಿದಿತ್ತು. ಅದರ ನಡುವೆ ಸಾಮಂತರೂ ಮಂತ್ರಿಗಳೂ ಪಂಡಿತರೂ ಪಲ್ಲಕ್ಕಿಗಳಲ್ಲಿ ಬೆಟ್ಟವೇರಿ ಬಂದರು. ಬಂದು, ಹೊಸ ಗೋಡೆಯನ್ನು ಕಂಡು, ಮೊದಲು ಮಾಡಿದ ಕೆಲಸವೆಂದರೆ ಅದರ ಮೇಲೆ ತಾಂಬೂಲ ಉಗುಳಿದ್ದು.

ಆ ಗೋಡೆ ಎಂಥದೆಂದು ಬಿಡಿಸಿ ಹೇಳಬೇಕು. ಅದರ ಗಾರೆಗೆ ಸುಣ್ಣ, ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸಿ ಅರೆದು, ಬಳಿದ ಮೇಲೆ ನುಣುಪುಗಲ್ಲಿನಿಂದ ತಿಂಗಳುಗಟ್ಟಲೆ ತಿಕ್ಕಿದ್ದರು. ಮುಖ ನೋಡಿಕೊಳ್ಳುವಷ್ಟು ಹೊಳಪು ಬಂದಿತ್ತು. ಗೋಡೆಯ ಒಡಲಿನಲ್ಲಿ ಸುಟ್ಟ ಮಣ್ಣಿನ ಕೊಳವೆಗಳಿದ್ದವು. ಬೆಟ್ಟದ ಕೆರೆಯ ನೀರು ಅವುಗಳಲ್ಲಿ ಸದಾ ಹರಿಯುತ್ತಿದ್ದುದರಿಂದ ಚೈತ್ರದ ಬೇಗೆಯಲ್ಲೂ ಒಳಗೆ ತಂಪಾಗಿರುತ್ತಿತ್ತು. ಬಾಗಿಲಲ್ಲಿ ಹಿತ್ತಾಳೆಯ ಕನ್ನಿಕೆಯೊಬ್ಬಳು ನಿಂತಿದ್ದಳು. ಅವಳ ಮುಂದಿನ ಕಲ್ಲನ್ನು ಯಾರಾದರೂ ತುಳಿದರೆ ಒಳಗಿನ ಸನ್ನೆಕೋಲು ಕದಲಿ, ಅವಳು ಬಾಗಿ ತಾಂಬೂಲದ ತಟ್ಟೆಯನ್ನು ಮುಂದೆ ಚಾಚುತ್ತಿದ್ದಳು.

"ನನ್ನ ಹೆಂಡತಿಗಿಂತ ಇವಳೇ ವಿನಯವಂತೆ," ಎಂದು ಒಬ್ಬ ಸಾಮಂತ ಅವಳ ಸೊಂಟ ಹಿಡಿದ.

"ನಿಮ್ಮ ಮನೆಯಲ್ಲೂ ಇಂಥದೊಂದು ಕಲ್ಲು ಹಾಕಿಸಿ. ಆದರೆ ಅಲ್ಲಿ ಬಾಗುವವರು ನೀವೇ ಆದೀರಿ!" ಎಂದ ಮತ್ತೊಬ್ಬ. ಇಬ್ಬರೂ ಕೆಂಪು ಹಲ್ಲು ಬಿಟ್ಟು ನಕ್ಕರು. ಆ ಎಳೆದಾಟದಲ್ಲಿ ಕನ್ನಿಕೆಯ ಕಿರುಬೆರಳು ಮುರಿಯಿತು.

ಶಿಲ್ಪಿ ಕೇತೋಜ ಒದ್ದೆ ಬಟ್ಟೆ ಹಿಡಿದು ಗೋಡೆಯ ಮೇಲಿನ ಉಗುಳನ್ನು ಒರೆಸುತ್ತ ಇದನ್ನೆಲ್ಲ ನೋಡುತ್ತಿದ್ದ. ಆ ಗೃಹವನ್ನು ಕಲ್ಪಿಸಿದವನೂ ಕಟ್ಟಿದವನೂ ಅವನೇ. ಅವನು ವಿನಯವಂತನೇನಲ್ಲ. ತನ್ನಂಥ ಯಂತ್ರಶಿಲ್ಪಿ ನಾಲ್ಕು ಸೀಮೆಗಳಲ್ಲಿ ಇಲ್ಲವೆಂದು ಅವನಿಗೆ ಗೊತ್ತಿತ್ತು, ಅದನ್ನು ಹೇಳಿಕೊಳ್ಳಲು ಸಂಕೋಚವೂ ಇರಲಿಲ್ಲ. ಆದರೆ ಬಾಗಿಲ ಪಕ್ಕದ ಶಾಸನದ ಕಲ್ಲು ಬೇರೆಯೇ ಹೇಳುತ್ತಿತ್ತು: "ಈ ಸಭಾಗೃಹವನ್ನೂ ಏರುಪೀಠವನ್ನೂ ಸ್ವಬುದ್ಧಿಯಿಂದ ಕಲ್ಪಿಸಿದಾತನು ಮಹಾಪ್ರಧಾನ ಈಚಿಮಯ್ಯನು."

ಅರಸ ಹರಿಯರಸ ಬಾಲಕನಾಗಿದ್ದಾಗಿನಿಂದ ರಾಜಮುದ್ರೆಯನ್ನು ಬೆರಳಲ್ಲಿಟ್ಟುಕೊಂಡು ರಾಜ್ಯವಾಳಿದವನು ಈ ಈಚಿಮಯ್ಯ. ಕಟ್ಟಡ ಮೇಲೇಳುತ್ತಿದ್ದಂತೆ ನೋಡಿದವರೆಲ್ಲ ಬೆರಗಾಗಿದ್ದರು. ಬೆರಗು ಎಲ್ಲಿದ್ದರೂ ಅದು ತನ್ನದಾಗಬೇಕೆಂಬುದು ಪ್ರಧಾನನ ಸ್ವಭಾವ. ಹಾಗಾಗಿ ಒಂದು ವರ್ಷದ ಹಿಂದೆಯೇ ಆ ಶಾಸನವನ್ನು ಬರೆಸಿ, ಅರಸನ ಕೈಯಿಂದಲೇ ಕಲ್ಲನ್ನು ಪ್ರತಿಷ್ಠೆ ಮಾಡಿಸಿದ್ದ. ಅಕ್ಷರ ಕೆತ್ತಿದವನು ಕೇತೋಜನ ಅಣ್ಣ ಮಾರೋಜ.

ಅಂದು ಕೇತೋಜ ಕೇಳಿದ್ದ: "ಅಣ್ಣಾ, ಕಲ್ಪಿಸಿದಾತನು ಅನ್ನುವುದನ್ನಾದರೂ ಸ್ವಲ್ಪ ಸೊಟ್ಟಗೆ ಕೆತ್ತಬಾರದೇ?"

"ಸುಳ್ಳನ್ನು ನೆಟ್ಟಗೇ ಕೆತ್ತಬೇಕಪ್ಪಾ," ಎಂದಿದ್ದ ಮಾರೋಜ, ಉಳಿಯಿಂದ ಕಣ್ಣೆತ್ತದೆ. "ನಿಜವಾಗಿದ್ದರೆ ಸೊಟ್ಟಗಿದ್ದರೂ ನಡೆಯುತ್ತಿತ್ತು. ನಿನಗೆ ಮೀಸೆ ನರೆಯಿತು, ಹೆಸರಿನ ಚಪಲ ಮಾತ್ರ ಹೋಗಲಿಲ್ಲ ನೋಡು."

"ನನ್ನ ಕೂಸಿಗೆ ಇನ್ನೊಬ್ಬ ಅಪ್ಪ ಎಂದು ಬರೆದರೆ ಹೇಸಿಗೆಯಾಗುವುದಿಲ್ಲವೇ ಅಣ್ಣಾ?"

ಮಾರೋಜ ಉಳಿಯನ್ನು ಕೆಳಗಿಟ್ಟಿದ್ದ. ಕಲ್ಲಿನ ಪುಡಿಯನ್ನು ಊದಿ, ತನ್ನ ಹೆಗಲ ವಸ್ತ್ರದಿಂದ ತಮ್ಮನ ಮುಖದ ಬೆವರು ಒರೆಸಿದ್ದ.

ಇನ್ನು ಏರುಪೀಠದ ವಿಷಯ. ಸಭೆಯ ನಡುವೆ ಇದ್ದ ಸಿಂಹಾಸನ ತಾನಾಗಿಯೇ ಮೇಲೇರುತ್ತಿತ್ತು. ಸಿಂಹಾಸನಕ್ಕೆ ಕಟ್ಟಿದ ಸರಪಳಿ ಛಾವಣಿಯ ರಾಟೆಯ ಮೇಲೆ ಹಾದು ಗೋಡೆಯ ಹಿಂದಿಳಿದಿತ್ತು. ಅದರ ತುದಿಯಲ್ಲಿ ಒಂದು ಭಾರಿ ತಾಮ್ರದ ಕೊಪ್ಪರಿಗೆ. ಅದಕ್ಕೆ ನೀರು ಬಿಟ್ಟರೆ ಕೊಪ್ಪರಿಗೆ ಭಾರವಾಗಿ ನೆಲದಡಿಯ ಗುಂಡಿಗೆ ಇಳಿಯುತ್ತಿತ್ತು, ಸಿಂಹಾಸನ ಮೇಲಿನ ಗವಾಕ್ಷದವರೆಗೂ ಏರುತ್ತಿತ್ತು. ಅಲ್ಲಿಂದ ಅರಸ ಇಡೀ ಪಟ್ಟಣಕ್ಕೆ ದರ್ಶನ ಕೊಡಬಹುದಾಗಿತ್ತು. ನೀರು ಹೊರಬಿಟ್ಟರೆ ಸಿಂಹಾಸನ ಮೆಲ್ಲಗೆ ಇಳಿಯುತ್ತಿತ್ತು. ಹರಿಯರಸ ಪ್ರಾಯಕ್ಕೆ ಬಂದಿದ್ದ. ಯುಗಾದಿಯ ದಿನ ರಾಜಮುದ್ರೆಯನ್ನು ಪ್ರಧಾನನಿಂದ ಹಿಂದಕ್ಕೆ ಪಡೆದು, ಈ ಪೀಠವೇರಿ, ಪ್ರಜೆಗಳ ಕಣ್ಣೆದುರು ಅದನ್ನು ಧರಿಸುವುದಾಗಿ ಸಾರಿದ್ದ.

ಅದನ್ನು ಸಾರಿದ ಮರುವಾರ ಈಚಿಮಯ್ಯ ಕೇತೋಜನನ್ನು ತನ್ನ ಮನೆಗೆ ಕರೆಸಿದ. ಪ್ರಧಾನ ಊಟಕ್ಕೆ ಕುಳಿತಿದ್ದ. ಒಬ್ಬ ಸೇವಕ ಅವನ ಅಂಗಾಲಿನ ಆಣಿಯನ್ನು ಕತ್ತಿಯಿಂದ ಹೆರೆಯುತ್ತಿದ್ದ. ಹೆರೆದ ಒಣಚರ್ಮ ಎಲೆಯ ಅಂಚಿಗೇ ಬೀಳುತ್ತಿದ್ದರೂ ಪ್ರಧಾನ ತುಪ್ಪದಲ್ಲಿ ಅದ್ದಿದ ಹೋಳಿಗೆಯನ್ನು ಮಡಿಸಿ ಮಡಿಸಿ ಬಾಯಿಗೆ ತುರುಕುತ್ತಿದ್ದ. ತುಪ್ಪ ಮೊಳಕೈವರೆಗೂ ಹರಿದಿತ್ತು. ಸೇವಕನನ್ನು ಹೊರಗೆ ಕಳಿಸಿ, ಮೊಳಕೈಯನ್ನು ನೆಕ್ಕಿ, ಅವನು ಮಾತು ತೆಗೆದ.

"ಬಾರಯ್ಯಾ ಓಜ. ಊಟವಾಯಿತೇ?"

"ಆಯಿತು, ಸ್ವಾಮಿ," ಎಂದ ಕೇತೋಜ. ಊಟವಾಗಿರಲಿಲ್ಲ. ಆ ಎಲೆಯನ್ನು ಕಂಡ ಮೇಲೆ ಆಗುವ ಸಂಭವವೂ ಇರಲಿಲ್ಲ.

"ಸರಪಳಿಯನ್ನು ಸಿಂಹಾಸನಕ್ಕೆ ಕಚ್ಚಿಸುವ ಕೀಲು ಒಂದಿದೆಯಲ್ಲ? ಗುಂಡಿಯಲ್ಲಿ ಕುಳಿತವನು ಹಗ್ಗ ಎಳೆದರೆ ಅದು ಕಳಚುವಂತೆ ಮಾಡು."

"ಪೀಠ ಮೇಲಿದ್ದಾಗ ಕೀಲು ಕಳಚಿದರೆ ಬೀಳುತ್ತದೆ, ಸ್ವಾಮಿ. ಕೂತವರು ಉಳಿಯುವುದಿಲ್ಲ."

"ಹೊಳೆಯಿತಲ್ಲ! ಅದಕ್ಕೇ ನಿನ್ನನ್ನು ಜಾಣನೆನ್ನುವುದು." ಪ್ರಧಾನ ತೇಗಿದ. "ನಿನ್ನ ಅಣ್ಣ ನಮ್ಮಲ್ಲೇ ಇದ್ದಾನೆ, ಹಿತ್ತಿಲ ಬಾವಿಗೆ ಕಲ್ಲು ಕಟ್ಟುತ್ತಿದ್ದಾನೆ. ಯುಗಾದಿಯವರೆಗೂ ಇರುತ್ತಾನೆ. ಆಳವಾದ ಬಾವಿ ಕಣಯ್ಯಾ, ಮೇಲಿನಿಂದ ಒಂದು ಕಲ್ಲು ಜಾರಿದರೂ ಕಷ್ಟ."

"ಅರಸರು ನಿಮ್ಮ ಮಡಿಲಲ್ಲಿ ಬೆಳೆದವರು, ಸ್ವಾಮಿ," ಎಂದಷ್ಟೇ ಹೇಳಿದ ಕೇತೋಜ.

"ಮಡಿಲು ಒದ್ದೆ ಮಾಡಿದ್ದೂ ನೆನಪಿದೆ. ಕೇಳು. ಮೊದಲ ಏರು ನಿನ್ನದು, ಅದು ಊರಿನ ವಿಧಿ. ಎರಡನೆಯ ಏರು ಅರಸನದು. ಗುಂಡಿಯಲ್ಲಿರುವ ನಮ್ಮ ಬೊಮ್ಮನಿಗೆ ಮೇಲೆ ಯಾರಿದ್ದಾರೆಂದು ಕಾಣುವುದಿಲ್ಲ, ಕೊಪ್ಪರಿಗೆಗೆ ನೀರು ಬೀಳುವ ಸದ್ದು ಮಾತ್ರ ಕೇಳುತ್ತದೆ. ಮೊದಲ ಸಲ ಸುಮ್ಮನಿರುತ್ತಾನೆ. ಎರಡನೆಯ ಸಲ ಕೊಪ್ಪರಿಗೆ ತಳ ಮುಟ್ಟಿದೊಡನೆ ಎಳೆಯುತ್ತಾನೆ. ನಾನು ಕಲ್ಪಿಸಿದ್ದು ಚೆನ್ನಾಗಿತ್ತು, ನೀನು ಮಾಡಿದ್ದು ಕೆಟ್ಟಿತ್ತು ಎಂದು ಜನ ಆಡಿಕೊಳ್ಳುತ್ತಾರೆ. ನಿನ್ನನ್ನೂ ಅಣ್ಣನನ್ನೂ ಗಡಿ ದಾಟಿಸುವ ಹೊಣೆ ನನ್ನದು."

ಇಲ್ಲಿ ಊರಿನ ವಿಧಿಯೆಂದರೇನು ಎಂಬುದನ್ನು ಹೇಳಬೇಕು. ಸಿರಿಗುಂಡದಲ್ಲಿ ಯಾವ ಹೊಸ ವಸ್ತುವನ್ನೂ ಅದನ್ನು ಮಾಡಿದವನಿಗಿಂತ ಮೊದಲು ಬೇರೆಯವರು ಬಳಸುತ್ತಿರಲಿಲ್ಲ. ಸೇತುವೆಯ ಮೇಲೆ ಮೊದಲ ಆನೆ ದಾಟುವಾಗ ಕಟ್ಟಿದವನು ಅದರ ಕೆಳಗೆ ನಿಲ್ಲಬೇಕು. ಹೊಸ ತೊಟ್ಟಿಲಿಗೂ ಬಡಗಿ ಮೊದಲು ಕಾಲಿಟ್ಟು ಭಾರ ಹಾಕಬೇಕು. ಇದನ್ನು ಮೈಯೊಡ್ಡು ಎನ್ನುತ್ತಿದ್ದರು. ತನ್ನ ಮೈಯನ್ನು ಒಡ್ಡಲಾರದವನ ಕೆಲಸವನ್ನು ನಂಬಬಾರದೆಂಬುದು ಅದರ ಅರ್ಥ.

ಕೇತೋಜ ಕೀಲು ಮಾಡಿದ. ಹುಸಿ ಕೀಲು ಮಾಡುವಂತಿರಲಿಲ್ಲ. ಪ್ರಧಾನ ಎದುರಿಗೇ ನಿಂತು, ಪೀಠದ ಮೇಲೆ ಮರಳಿನ ಮೂಟೆಯಿರಿಸಿ ಎತ್ತಿಸಿ, ಹಗ್ಗ ಎಳೆಸಿ ನೋಡಿದ. ಮೂಟೆ ನೆಲಕ್ಕೆ ಬಿದ್ದು ಒಡೆದಾಗ ಅವನು ಅಪ್ಪಾಲೆ ತಿಪ್ಪಾಲೆ ಆಡಿದ ಮಗುವಿನಂತೆ ಚಪ್ಪಾಳೆ ತಟ್ಟಿದ. ಯುಗಾದಿಯ ಬೆಳಿಗ್ಗೆ ಬೊಮ್ಮನನ್ನು ಗುಂಡಿಗಿಳಿಸಿ, ಬಾಗಿಲಿಗೆ ಬೀಗ ಹಾಕಿ, ಬೀಗದ ಕೈಯನ್ನು ತನ್ನ ನಡುಕಟ್ಟಿಗೆ ಸಿಕ್ಕಿಸಿಕೊಂಡ.

ಅರಸನಿಗೆ ಗುಟ್ಟಾಗಿ ತಿಳಿಸೋಣವೆಂದರೆ ಅವನ ಸುತ್ತಲಿದ್ದ ಕಾವಲಿನವರೆಲ್ಲ ಪ್ರಧಾನನ ಅನ್ನ ತಿಂದವರು. ಬಾಯಿ ತೆರೆದರೆ ಬಾವಿಯ ಬಳಿಗೆ ಆಳು ಓಡುವುದು ನಿಶ್ಚಯ. ಮೇಲಾಗಿ ಕೀಲು ಮಾಡಿದ ಕೈ ಕೇತೋಜನದೇ. ಅವನ ಮಾತನ್ನು ಯಾರು ನಂಬಿಯಾರು? ಅವನ ಬಳಿ ಉಳಿದಿದ್ದುದು ಒಂದೇ ಸಾಧನ. ಅದು ಅವನು ಹೇಸುತ್ತಿದ್ದ ಆ ಶಾಸನದ ಕಲ್ಲು.

ಸಭೆ ತುಂಬಿತು. ಕೇತೋಜ ವಿಧಿಯಂತೆ ಪೀಠದ ಮೇಲೆ ಕುಳಿತ. ನೀರಿನ ಸದ್ದಾಯಿತು. ಪೀಠ ಹಂಸದಂತೆ ಮೇಲೇರಿ, ಗವಾಕ್ಷ ಮುಟ್ಟಿ, ಮತ್ತೆ ಇಳಿಯಿತು. ಹರಿಯರಸ ಸಂತೋಷದಿಂದ ಮುಂದೆ ಬಂದ.

"ಓಜರೇ, ಮೈಯೊಡ್ಡು ಮುಗಿಯಿತಲ್ಲ? ಇನ್ನು ನಾನು ಏರಬಹುದೇ?"

"ಅರ್ಧ ಮುಗಿದಿದೆ, ಮಹಾಪ್ರಭು. ನಾನು ಬರೀ ಕೈ. ಕಲ್ಪಿಸಿದವರು ಪ್ರಧಾನರೆಂದು ಬಾಗಿಲ ಕಲ್ಲು ಹೇಳುತ್ತದೆ. ಆ ಕಲ್ಲನ್ನು ತಾವೇ ಪ್ರತಿಷ್ಠೆ ಮಾಡಿದ್ದೀರಿ. ಅವರೂ ಮೈಯೊಡ್ಡಬೇಕಲ್ಲವೇ?"

ಈಚಿಮಯ್ಯನ ಮುಖ ಹಳಸಿದ ಹಿಟ್ಟಿನ ಬಣ್ಣಕ್ಕೆ ತಿರುಗಿತು. ಆದರೆ ಸಭಾಸದರಿಗೆ ಏನು ಗೊತ್ತು? ಪ್ರಧಾನನನ್ನು ಹೊಗಳುವ ಅವಕಾಶ ಕಂಡರೆ ಅವರು ನೊಣಗಳಂತೆ ಮುತ್ತುವವರು. "ಪ್ರಧಾನರು ಏರಲಿ! ಕಲ್ಪನಾಚಕ್ರವರ್ತಿಗೆ ಜಯವಾಗಲಿ!" ಎಂದು ಒಬ್ಬರ ಮೇಲೊಬ್ಬರು ಬಿದ್ದು ಕೂಗಿದರು.

"ನನಗೆ... ಮಂಡಿನೋವು, ಮಹಾಪ್ರಭು."

"ಕೂರುವುದಕ್ಕೆ ಮಂಡಿ ಏಕೆ ಪ್ರಧಾನರೇ?" ಎಂದು ಅರಸ ನಕ್ಕ. "ಮೆಟ್ಟಿಲು ಹತ್ತುವ ಕಷ್ಟ ತಪ್ಪಲಿ ಎಂದೇ ಅಲ್ಲವೇ ನೀವು ಇದನ್ನು ಕಲ್ಪಿಸಿದ್ದು?"

ಪ್ರಧಾನ ಗುಂಡಿಯ ಬಾಗಿಲ ಕಡೆ ನೋಡಿದ. ಬೊಮ್ಮನನ್ನು ತಡೆಯಬೇಕಾದರೆ ತಾನೇ ಹೋಗಿ ಬೀಗ ತೆಗೆಯಬೇಕು. ಹೋದರೆ ಏಕೆ ಹೋದೆನೆಂದು ಹೇಳಬೇಕು. ಅವನ ಗದ್ದದಿಂದ ಬೆವರು ತೊಟ್ಟಿಕ್ಕಿತು. ಕೊನೆಗೆ ಕೈ ಮುಗಿದು ಹೇಳಿದ:

"ಕ್ಷಮಿಸಬೇಕು, ಮಹಾಪ್ರಭು. ಆ ಕಲ್ಲಿನ ಮಾತು ಹೊಗಳುಭಟರು ಬರೆಸಿದ್ದು. ಕಲ್ಪಿಸಿದವನೂ ಕೇತೋಜನೇ, ಕಟ್ಟಿದವನೂ ಕೇತೋಜನೇ. ಈ ಗೃಹದ ಒಂದು ಇಟ್ಟಿಗೆಯೂ ನನ್ನದಲ್ಲ."

ಕೇತೋಜ ಒಂದು ವರ್ಷದಿಂದ ಕೇಳಬಯಸಿದ್ದ ಮಾತು ಅದು. ತುಂಬಿದ ಸಭೆಯಲ್ಲಿ, ಅರಸನ ಎದುರಿನಲ್ಲಿ, ಆ ಬಾಯಿಂದಲೇ ಬಂತು. ಬಂದಾಗ ಅವನಿಗೆ ಸಂತೋಷವಾಗಲಿಲ್ಲ, ವಾಕರಿಕೆ ಬಂತು. ಪ್ರಧಾನ ಸಿಕ್ಕಿಬಿದ್ದು ಒಳಸಂಚನ್ನು ಕಕ್ಕಿಬಿಡುತ್ತಾನೆಂದು ಅವನು ಎಣಿಸಿದ್ದ. ಆ ಮನುಷ್ಯ ಕದ್ದ ಹೆಸರನ್ನೇ ಉಗುಳಿ ಪಾರಾಗುತ್ತಾನೆಂದು ಎಣಿಸಿರಲಿಲ್ಲ.

"ಹಾಗಾದರೆ ವಿಧಿ ಮುಗಿದಂತೆಯೇ," ಎಂದು ಹರಿಯರಸ ಪೀಠದ ಮೇಲೆ ಕಾಲಿಟ್ಟ.

"ಇಲ್ಲ, ಮಹಾಪ್ರಭು." ಕೇತೋಜ ಅಡ್ಡ ಬಂದು, ಮಂಡಿಯೂರಿ, ಎರಡೂ ಕೈಗಳಿಂದ ಅರಸನ ಪಾದವನ್ನು ಹಿಡಿದು ಕೆಳಗಿರಿಸಿದ. ಅರಸನ ಪಾದವನ್ನು ಹಾಗೆ ಹಿಡಿಯುವುದು ಅಪರಾಧ, ಸಭೆ ಹೌಹಾರಿತು. "ಆಗ ಏರಿದವನು ಕೂಲಿಯಾಳು ಕೇತೋಜ. ಕಲ್ಪಿಸಿದ ಕೇತೋಜ ಇನ್ನೂ ಏರಿಲ್ಲ. ಈಗಷ್ಟೇ ಅವನಿಗೆ ಹೆಸರು ಸಿಕ್ಕಿದೆ. ಒಂದು ಸಲ ಆ ಹೆಸರಿನಲ್ಲಿ ಏರಲು ಬಿಡಿ."

ಅರಸ ಅವನ ಕಣ್ಣನ್ನು ನೋಡಿದ. ಅದರಲ್ಲಿ ಹೆಮ್ಮೆಯಿರಲಿಲ್ಲ. ಏನಿದೆಯೆಂದು ತಿಳಿಯದೆ, ಹಿಂದೆ ಸರಿದು ದಾರಿ ಬಿಟ್ಟ.

ಎರಡನೆಯ ಸಲ ನೀರಿನ ಸದ್ದಾಯಿತು. ಪೀಠ ಅಷ್ಟೇ ನಯವಾಗಿ ಏರಿತು. ಗವಾಕ್ಷದ ಬೆಳಕು ಕೇತೋಜನ ಮುಖದ ಮೇಲೆ ಬಿದ್ದಾಗ ಅವನು ತಾನು ಕಟ್ಟಿದ ಛಾವಣಿಯನ್ನು ಒಮ್ಮೆ ಕಣ್ತುಂಬ ನೋಡಿಕೊಂಡ. ಒಳಗೆಲ್ಲೋ ಕಬ್ಬಿಣ ಕಳಚಿದ ಸದ್ದು ಕೇಳಿತು. ಮರುಕ್ಷಣ ಪೀಠ ಬಿತ್ತು.

ಎಲ್ಲರೂ ಬಿದ್ದವನತ್ತ ನುಗ್ಗಿದರು. ಎಲ್ಲರ ಕೈಗಳೂ ಬಾಯಿಗೋ ಎದೆಗೋ ಹೋದವು. ಪ್ರಧಾನನ ಕೈ ಮಾತ್ರ ನಡುಕಟ್ಟಿಗೆ ಹೋಯಿತು, ಬೀಗದ ಕೈ ಇದೆಯೇ ಎಂದು ಮುಟ್ಟಿ ನೋಡಲು. ಹರಿಯರಸ ಅದನ್ನು ಕಂಡ. ಕುಳಿತುಕೊಳ್ಳಲು ಹೆದರಿದವನು ಯಾರು, ತನ್ನನ್ನು ತಡೆದು ಕುಳಿತವನು ಯಾರು ಎಂಬುದು ಆಗ ಅವನಿಗೆ ಒಮ್ಮೆಲೇ ಸ್ಪಷ್ಟವಾಯಿತು. ತಾನೇ ಮುಂದೆ ಹೋಗಿ ಬೀಗದ ಕೈಯನ್ನು ಕಿತ್ತುಕೊಂಡು ಗುಂಡಿಯ ಬಾಗಿಲು ತೆರೆಸಿದ. ಬೊಮ್ಮ ಹಗ್ಗ ಹಿಡಿದೇ ಕುಳಿತಿದ್ದ. ಬೆಳಕಿಗೆ ಕಣ್ಣು ಕಿರಿದು ಮಾಡಿ, "ಅರಸ ಸತ್ತನೇ ಬುದ್ಧೀ?" ಎಂದು ಕೇಳಿದ. ಮುಂದೆ ವಿಚಾರಣೆಯ ಅಗತ್ಯವೇ ಬೀಳಲಿಲ್ಲ.

ಅರಸ ಮರಳಿ ಬಂದು ಕೇತೋಜನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. "ಏಕೆ ಹೇಳಲಿಲ್ಲ ಓಜರೇ?"

"ಅಣ್ಣ... ಪ್ರಧಾನರ ಬಾವಿಯಲ್ಲಿ," ಎಂದ ಕೇತೋಜ. ಅಣ್ಣನನ್ನು ತರಲು ಅರಸ ಅಟ್ಟಿದ ಕುದುರೆಗಳು ಹೊರಟ ಸದ್ದು ಕೇಳುವವರೆಗೂ ಅವನ ಉಸಿರು ಉಳಿದಿತ್ತು. ಆಮೇಲೆ ಹೋಯಿತು.

ಈಚಿಮಯ್ಯನನ್ನು ಸಂಕೋಲೆ ಹಾಕಿ ಕರೆದೊಯ್ಯುವಾಗ, ಗಳಿಗೆಯ ಹಿಂದೆ ಅವನಿಗೆ ಜಯಕಾರ ಹಾಕಿದವರೇ ಅವನ ಮೇಲೆ ಉಗುಳಿದರು. ಅದೇ ಬಾಯಿ, ಅದೇ ಕೆಂಪು. ನೋಡುತ್ತಿದ್ದ ಅರಸನಿಗೆ ಪ್ರಧಾನನಿಗಿಂತ ಅವರೇ ಹೆಚ್ಚು ಹೇಸಿಗೆಯಾಗಿ ಕಂಡರು.

ಮಾರೋಜ ಬದುಕಿ ಬಂದ. ಸೂತಕ ಕಳೆದ ಮೇಲೆ ಹರಿಯರಸ ಅವನನ್ನು ಬಾಗಿಲ ಕಲ್ಲಿನ ಬಳಿಗೆ ಕರೆದೊಯ್ದ.

"ಓಜರೇ, ಆ ಸುಳ್ಳನ್ನು ಅಳಿಸಿ ನಿಮ್ಮ ತಮ್ಮನ ಹೆಸರು ಕೆತ್ತಿ."

ಮಾರೋಜ ಕಲ್ಲನ್ನು ನೋಡಿದ. ಅಕ್ಷರಗಳ ಗೀರುಗಳಲ್ಲೆಲ್ಲ ಹಳೆಯ ತಾಂಬೂಲದ ರಸ ಕರ್ರಗೆ ಒಣಗಿತ್ತು.

"ಸುಳ್ಳನ್ನು ಅಳಿಸುತ್ತೇನೆ, ಮಹಾಪ್ರಭು. ಹೆಸರನ್ನು ಇಲ್ಲಿ ಕೆತ್ತುವುದಿಲ್ಲ."

ಅವನು ಕಲ್ಲನ್ನು ಬೋಳಾಗಿಸಿ, ಉಳಿ ಸುತ್ತಿಗೆ ಹಿಡಿದು ಗುಂಡಿಗಿಳಿದ. ಕೊಪ್ಪರಿಗೆಯ ಹಿಂದಿನ ಬಂಡೆಯ ಮೇಲೆ, ಬೆಟ್ಟದ ಕೆರೆಯ ನೀರು ಸದಾ ಸೋಕಿ ತೊಳೆಯುತ್ತಿದ್ದೆಡೆ, ನೆಟ್ಟಗೂ ಅಲ್ಲದ ಸೊಟ್ಟಗೂ ಅಲ್ಲದ ಅಕ್ಷರಗಳಲ್ಲಿ ಕೇತೋಜ ಎಂದಷ್ಟೇ ಕೆತ್ತಿದ. ಆ ಅರಮನೆಯಲ್ಲಿ ಯಾರ ಉಗುಳೂ ತಲುಪದ ಜಾಗ ಅದೊಂದೇ ಆಗಿತ್ತು.