ಮುಷ್ಟಿಯಲ್ಲಿ ಮುರಿದ ರ್‍ಯಾಮ್

ಸಿನಿಮಾ ಎಡಿಟರ್ ತನ್ನ ಕೆಲಸದ ಕೋಣೆಯಲ್ಲಿ ಅಂಗಾತ ಬಿದ್ದಿದ್ದ. ತಲೆಬುರುಡೆ ಒಡೆದು ರಕ್ತ ಬಾಗಿಲವರೆಗೂ ಹರಿದಿತ್ತು. ಪಕ್ಕದಲ್ಲಿ ಕ್ಯಾಮೆರಾ ಸ್ಟ್ಯಾಂಡ್. ಅದರ ಕಬ್ಬಿಣದ ಕಾಲಿಗೆ ಕೂದಲು ಮೆತ್ತಿಕೊಂಡಿತ್ತು. ಬಿಗಿಹಿಡಿದ ಬಲಮುಷ್ಟಿಯಲ್ಲಿ ರಕ್ತದಲ್ಲಿ ತೊಯ್ದ, ಮುರಿದ ಕಂಪ್ಯೂಟರ್ ಮೆಮೊರಿ ಪಟ್ಟಿ, ರ್‍ಯಾಮ್.

ಹೆಣವನ್ನು ಮೊದಲು ಕಂಡವಳು ಹೆಂಡತಿ. ಆಫೀಸಿನಿಂದ ಬಂದವಳು ಅಲ್ಲೇ ಕುಸಿದಿದ್ದಳು. ಈಗ ಅವಳ ತಮ್ಮ ನೀರು ಕುಡಿಸುತ್ತಿದ್ದ.

“ಈ ಸ್ಟ್ಯಾಂಡ್ ಯಾರದು?” ಇನ್ಸ್‌ಪೆಕ್ಟರ್ ಕೇಳಿದಳು.

“ಕ್ಯಾಮೆರಾಮನ್‌ದು ಮೇಡಂ,” ತಮ್ಮ ಥಟ್ಟನೆ ಹೇಳಿದ. “ನಿನ್ನೆ ಇಲ್ಲಿ ಬಂದು ಕೂಗಾಡಿದ್ದ. ಭಾವನ ತಲೆ ಒಡೀತೀನಿ ಅಂದಿದ್ದ.”

*

ಕ್ಯಾಮೆರಾಮನ್‌ನ ಬಲಗೈಗೆ ಪ್ಲಾಸ್ಟರ್ ಹಾಕಿತ್ತು.

“ನನ್ನ ಶಾಟ್‌ಗಳನ್ನೆಲ್ಲ ಕತ್ತರಿಸಿ ಬಿಸಾಕಿದ್ದ. ಬಾಯಿಗೆ ಬಂದಂಗೆ ಬೈದೆ. ಕೋಪ ತಡೀದೆ ಗೋಡೆಗೆ ಗುದ್ದಿ ಕೈ ಮುರ್ಕೊಂಡೆ. ಆಸ್ಪತ್ರೆಗೆ ಓಡಿದೆ, ಸ್ಟ್ಯಾಂಡ್ ಅಲ್ಲೇ ಉಳೀತು.”

ಆಸ್ಪತ್ರೆಯವರೂ ಹೌದೆಂದರು. ಆ ಕೈಯಲ್ಲಿ ಚಮಚ ಎತ್ತುವುದೂ ಕಷ್ಟ, ಸ್ಟ್ಯಾಂಡ್ ಬೀಸಲು ಎರಡೂ ಕೈ ಬೇಕು. ಇನ್ಸ್‌ಪೆಕ್ಟರ್ ಎಡಿಟರ್ ಮನೆಗೆ ವಾಪಸಾದಳು.

*

“ನೀವು ಇವತ್ತು ಬಂದಿದ್ರಾ?” ತಮ್ಮನನ್ನು ಕೇಳಿದಳು.

“ಮಧ್ಯಾಹ್ನ ಬಂದಿದ್ದೆ ಮೇಡಂ. ಹಳೇ ರ್‍ಯಾಮ್ ಎರಡನ್ನೂ ಕಿತ್ತು ಹೊಸವು ಎರಡು ಹಾಕ್ದೆ. ಆನ್ ಮಾಡಿದ್ರೆ ಸ್ಪೀಡು ಮೂರು ಸಾವಿರದ ಇನ್ನೂರು! ಭಾವ ಖುಷಿಯಾದ್ರು. ನಾನು ಹೊರಟೆ. ಅವರ ಕೈಯಲ್ಲಿದ್ದಿದ್ದು ಹಳೇದು.”

“ಸ್ಪೀಡು ಕಣ್ಣಾರೆ ನೋಡಿದ್ರಾ?”

“ನೋಡಿದೆ.”

ಇನ್ಸ್‌ಪೆಕ್ಟರ್ ಕಂಪ್ಯೂಟರ್ ಆನ್ ಮಾಡಿದಳು. ಪರದೆಯ ಮೇಲೆ ಸ್ಪೀಡು ಎರಡು ಸಾವಿರದ ನಾನೂರು. ಆಫ್ ಮಾಡಿ, ಸ್ಕ್ರೂ ಬಿಚ್ಚಿ, ಮುಚ್ಚಳ ತೆಗೆದಳು. ಒಳಗೆ ಒಂದು ಹೊಸ ರ್‍ಯಾಮ್, ಒಂದು ಹಳೆಯದು. ಮುಚ್ಚಳದ ಒಳಬದಿಯಲ್ಲಿ ಒಣಗಿದ ರಕ್ತದ ಹೆಬ್ಬೆಟ್ಟಿನ ಗುರುತು.



“ಹೋದ ತಿಂಗಳು ಮಗಳ ಕಂಪ್ಯೂಟರಿಗೆ ನಾನೂ ಇದೇ ಎಡವಟ್ಟು ಮಾಡಿದ್ದೆ,” ಎಂದಳು ಇನ್ಸ್‌ಪೆಕ್ಟರ್. “ವೇಗದ್ದರ ಜೊತೆ ನಿಧಾನದ್ದು ಹಾಕಿದ್ರೆ ಎರಡೂ ನಿಧಾನಕ್ಕೇ ಓಡ್ತವೆ. ನೀವು ಹೇಳೋ ಸ್ಪೀಡು ಈ ಪರದೆ ಮೇಲೆ ಬಂದೇ ಇಲ್ಲ. ಒಂದು ಹೊಸದು ಹಾಕಿದ್ರಿ. ಇನ್ನೊಂದು ನಿಮ್ಮ ಭಾವನ ಕೈಯಲ್ಲಿತ್ತು. ರಕ್ತ ಒರೆಸಿ ನೋಡ್ದೆ, ಅದೂ ಹೊಸದೇ. ಅದನ್ನ ಹಾಕೋ ಮೊದಲೇ ಜಗಳ ಹತ್ತಿತು. ಹೊಡೆದಾದ್ಮೇಲೆ ಕೆಲಸ ಮುಗಿದಂಗೆ ಕಾಣ್ಲಿ ಅಂತ ಮುಚ್ಚಳ ಹಾಕಿದ್ರಿ, ರಕ್ತದ ಕೈಯಲ್ಲೇ. ಹೆಬ್ಬೆಟ್ಟು ಕೊಡ್ತೀರಾ?”

ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಸರಿಸಿದ. ಆಮೇಲೆ ಒಮ್ಮೆಲೇ ಕೂಗಿದ.

“ನಿಮ್ಮಕ್ಕನ್ನ ಬಿಡ್ತಾ ಇದ್ದೀನಿ, ಕರ್ಕೊಂಡು ಹೋಗು ಅಂದ! ರ್‍ಯಾಮ್ ಹಿಡ್ಕೊಂಡು, ನಗ್ತಾ! ನನ್ನನ್ನ ಎತ್ತಿ ಆಡಿಸಿ ಬೆಳೆಸಿದ ಅಕ್ಕ ಅವಳು. ಕೈಗೆ ಸಿಕ್ಕಿದ್ದು ತಗೊಂಡು ಬಡಿದೆ. ಅವನು ನಗೋದು ನಿಲ್ಲಿಸೋವರೆಗೂ ಬಡಿದೆ.”

ಅಕ್ಕ ಗೋಡೆ ಹಿಡಿದು ಎದ್ದಳು. ತಮ್ಮನ ಕೆನ್ನೆಗೆ ಬಾರಿಸಿದಳು. ಮತ್ತೆ ಬಾರಿಸಲು ಎತ್ತಿದ ಕೈಯನ್ನು ಕೆಳಗಿಳಿಸಿದಳು.

“ಬಿಡ್ತೀನಿ ಅಂದಿದ್ದು ನಾನು ಕಣೋ. ನಿನ್ನೆ ನಾನೇ ಹೇಳ್ದೆ. ನಿನ್ನ ಭಾವ ರಾತ್ರಿಯೆಲ್ಲ ಅತ್ತರು. ನಿನ್ನ ಮುಂದೆ ಮರ್ಯಾದೆ ಉಳಿಸ್ಕೊಳ್ಳೋಕೆ ನಕ್ಕಿರ್ತಾರೆ.”