ಎಂಜಿಯೂ ಸ್ಟಾರ್ಮೂ

ಮೇಘನಾ ರಾಮನಗರದ ಗ್ಯಾರೇಜಿಗೆ ಬಂದಾಗ ಅಲ್ಲಿನ ಮೆಕ್ಯಾನಿಕ್ ರುದ್ರಪ್ರಸಾದ್ ಎರಡೂ ಕಾರುಗಳನ್ನು ತೊಳೆದು ಬಿಸಿಲಿಗೆ ನಿಲ್ಲಿಸಿದ್ದ. ಒಂದು ಐವತ್ತೆರಡನೇ ಇಸವಿಯ ಕೆಂಪು ಎಂಜಿ. ಇನ್ನೊಂದು ಎರಡು ಸಾವಿರನೇ ಇಸವಿಯ ಹಳದಿ ಸ್ಯಾನ್ ಸ್ಟಾರ್ಮ್.

ಹಳೆಯ ಕಾರುಗಳ ಬಗ್ಗೆ ಪತ್ರಿಕೆಗೆ ಬರೆಯುತ್ತಾ ಅವಳು ಮೂರು ವರ್ಷದಿಂದ ಇಲ್ಲಿಗೆ ಬರುತ್ತಿದ್ದಳು. ಹೋದ ತಿಂಗಳು ಅವನು ಫೋನಿನಲ್ಲಿ, "ಮದ್ವೆ ಆಗೋಣ್ವಾ?" ಎಂದಿದ್ದ. "ಯೋಚ್ನೆ ಮಾಡ್ತೀನಿ" ಅಂದವಳು ಮತ್ತೆ ಫೋನ್ ಮಾಡಿರಲಿಲ್ಲ. ಒಂದು ಮದುವೆ ಮುರಿದು, ನಲವತ್ತೆರಡು ತುಂಬಿದ ಮೇಲೆ, ಹೊಸದಾಗಿ ಆಸೆಪಡುವುದಕ್ಕೂ ಅವಳಿಗೆ ಆಯಾಸ. ಇವತ್ತು ಬಂದದ್ದು ಕೆಲಸಕ್ಕೆ: ಎರಡು ಕಾಲದ ಎರಡು ಸ್ಪೋರ್ಟ್ಸ್ ಕಾರು ಓಡಿಸಿ, ಯಾವುದು ಮೇಲು ಎಂದು ಬರೆಯಬೇಕು.

"ಸುಸ್ತಾದಂಗೆ ಕಾಣ್ತೀರ," ಅಂದ ರುದ್ರ.

"ಇವತ್ತಿಂದಲ್ಲ, ಐದಾರು ವರ್ಷದ್ದು."

ಅವನು ನಕ್ಕು ಎಂಜಿಯ ಕೀ ಕೊಟ್ಟ. ಬೆರಳು ತಾಗಿದಾಗ ಇಬ್ಬರೂ ಕಾರಿನ ಕಡೆ ನೋಡಿದರು.

ಕನಕಪುರದವರೆಗೆ ಅವಳು ಎಂಜಿಯಲ್ಲಿ, ಅವನು ಹಿಂದೆ ಸ್ಟಾರ್ಮಿನಲ್ಲಿ. ಎಂಜಿಯ ಸ್ಟೀರಿಂಗ್ ತಿರುಗಿಸುವಷ್ಟರಲ್ಲಿ ತೋಳು ಸೋಲುತ್ತಿತ್ತು. ಆದರೆ ರಸ್ತೆಯ ಒಂದೊಂದು ಕಲ್ಲೂ ಅಂಗೈಗೆ ತಿಳಿಯುತ್ತಿತ್ತು. ಕನಕಪುರದಲ್ಲಿ ಕಾರು ಬದಲಾಯಿಸಿಕೊಂಡರು. ಸ್ಟಾರ್ಮ್ ಹಗುರ, ತಿರುವು ಬಂದರೆ ಹೇಳಿದ ಮಾತು ಕೇಳುವಂತೆ ತಿರುಗುತ್ತಿತ್ತು. ಈಗ ಮುಂದೆ ಹೋಗುತ್ತಿದ್ದ ರುದ್ರನ ಕಣ್ಣು ಎಂಜಿಯ ಕನ್ನಡಿಯಲ್ಲಿ ಆಗಾಗ ಅವಳನ್ನು ಹುಡುಕುತ್ತಿತ್ತು. ಸಿಕ್ಕಿಬಿದ್ದ ಕೂಡಲೇ ರಸ್ತೆಗೆ ಓಡುತ್ತಿತ್ತು.

ಸಾತನೂರಿನಲ್ಲಿ ವೆಂಕಟಲಕ್ಷ್ಮಮ್ಮನ ಟೀ ಅಂಗಡಿ ಮುಂದೆ ನಿಲ್ಲಿಸಿದರು. ಮೇಘನಾ ಬೆಂಚಿನ ಮೇಲೆ ಕುಸಿದು ಕೂತಳು.

"ಯಾವ್ದು ಮೇಲು ಅಂತ ಬರೀತೀರ?"

"ಎಂಜಿ ಮೈ ನೋಯಿಸುತ್ತೆ, ಆದ್ರೆ ಮರೆಯೋಕಾಗಲ್ಲ. ಸ್ಟಾರ್ಮ್ ಆರಾಮ. ನಂಗೀಗ ಆರಾಮ ಬೇಕು, ರುದ್ರ."

ಅವನು ಲೋಟ ಕೆಳಗಿಟ್ಟ. "ನಂಜೊತೆ ಆರಾಮ ಎಲ್ಲೈತೆ? ಕೈಯೆಲ್ಲಾ ಗ್ರೀಸು. ಮನೇಲಿ ಅವ್ವ ಹಾಸ್ಗೆ ಹಿಡ್ದವ್ಳೆ. ಅದ್ಕೇ ಬ್ಯಾಡ ಅಂದ್ರಿ ಅಂದ್ಕಂಡೆ."

"ಬೇಡ ಅಂದ್ನಾ ನಾನು?"

"ತಿಂಗ್ಳಾಯ್ತು, ಒಂದು ಫೋನೂ ಇಲ್ಲ."

"ಭಯ ಆಯ್ತು. ಒಂದೊಂದ್ಸಲ ನಂಗೆ ಎರಡೆರಡು ದಿನ ಮಾತೇ ಬರಲ್ಲ. ಹಾಸಿಗೆಯಿಂದ ಏಳೋದೂ ಇಲ್ಲ. ಅಂಥವಳನ್ನ ಕಟ್ಕೊಂಡು ಏನ್ಮಾಡ್ತೀರಿ?"

"ಒಸಿ ಉಪ್ಪಿಟ್ಟು ಮಾಡ್ತೀನಿ. ಪಕ್ದಲ್ಲಿ ಕುಂತ್ಕತೀನಿ. ಮಾತಾಡು ಅಂತ ಪೀಡ್ಸಕ್ಕಿಲ್ಲ."

ಮೇಘನಾ ಲೋಟದಲ್ಲಿ ಉಳಿದಿದ್ದ ಟೀ ಕುಡಿದು ಮುಗಿಸಿದಳು. ಹಾಲಿನ ಕ್ಯಾನು ಹೇರಿಕೊಂಡ ಟೆಂಪೊ ಒಂದು ಧೂಳೆಬ್ಬಿಸಿ ಹೋಯಿತು.

"ಇನ್ನು ನನ್ನ ಕೈಲಿ ಓಡ್ಸೋಕಾಗಲ್ಲ," ಅಂದಳು. "ಒಂದು ಕಾರು ಇಲ್ಲೇ ಬಿಡೋಣ."

"ಯಾವ್ದು ಬುಡ್ಲಿ?"

"ಯಾವುದಾದ್ರೂ. ನಂಗೆ ನಿನ್ನ ಪಕ್ಕ ಕೂರಬೇಕು, ಅಷ್ಟೇ."

ಮೊದಲ ಸಲ 'ನಿನ್ನ' ಎಂದಿದ್ದಳು. ರುದ್ರ ಅವಳ ಕೈಯಿಂದ ಸ್ಟಾರ್ಮಿನ ಕೀ ತೆಗೆದುಕೊಂಡು, ಎರಡೂ ಕೀಗಳನ್ನು ಒಮ್ಮೆ ನೋಡಿದ. ಆಮೇಲೆ ಸ್ಟಾರ್ಮಿನ ಕೀಯನ್ನು ವೆಂಕಟಲಕ್ಷ್ಮಮ್ಮನ ಕೈಗಿಟ್ಟ. "ಅಕ್ಕ, ಒಸಿ ನೋಡ್ಕಳಿ. ನಾಳೆ ಬತ್ತೀವಿ, ಇಬ್ರೂ."

"ಎಂಜೀಲಿ ಹೋಗೋದಾ?" ಮೇಘನಾ ಹುಬ್ಬೇರಿಸಿದಳು.

"ಓಡ್ಸೋದು ನಾನು ಕಣೆ. ನೀನು ಮಲಿಕ್ಕೊ."

ಕಾರು ಚನ್ನಪಟ್ಟಣದ ದಾರಿ ಹಿಡಿಯಿತು. ಅವಳು ಅವನ ಭುಜಕ್ಕೊರಗಿ ಕಣ್ಣು ಮುಚ್ಚಿದಳು. ಗೇರು ಬದಲಿಸಿದಾಗಲೆಲ್ಲ ಆ ಭುಜ ಅಲುಗುತ್ತಿತ್ತು. ಅವಳು ತಲೆ ಎತ್ತಲಿಲ್ಲ.