ಗಾಳಿಬುಟ್ಟಿ ಇದ್ದ ಜಾಗದಲ್ಲಿ ಮುಚ್ಚಳ

ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಠಾಣೆಯ ಮೆಟ್ಟಿಲನ್ನು ಇಬ್ಬರು ಒಟ್ಟಿಗೆ ಹತ್ತಿದರು. ಮುಂದೆ ಬಂದವರು ಗಾಜಿನ ಸೀಸೆಗಳ ಗೋದಾಮಿನ ಯಜಮಾನರು. ಹಿಂದೆ ಗೋಡೆ ಹಿಡಿದುಕೊಂಡು ಬಂದವನು ಅದೇ ಗೋದಾಮಿನ ರಾತ್ರಿ ಕಾವಲುಗಾರ, ಬೀದಿಗೆಲ್ಲ ಅಜ್ಜ.

ಯಜಮಾನರು ಕುಳಿತುಕೊಳ್ಳುವ ಮೊದಲೇ ಮಾತು ಶುರು ಮಾಡಿದರು.

"ಕಳ್ಳತನ ಆಗಿದೆ ಸಾರ್. ಗೋದಾಮಿನ ಹಿಂದಿನ ಕೋಣೆಯ ಮೇಲಿದ್ದ ಗಾಳಿಬುಟ್ಟಿ ಹೋಗಿದೆ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ತೆಗೆದ. ಗಂಟೆ, ನಿಮಿಷ ನೋಡದೆ ಒಂದಕ್ಷರ ಬರೆಯದ ಅವನಿಗೆ ಠಾಣೆಯಲ್ಲಿ 'ಗಡಿಯಾರ' ಎಂದೇ ಹೆಸರು.

"ಗಾಳಿಬುಟ್ಟಿ ಅಂದ್ರೆ?"

"ಛಾವಣಿಯ ಕೊಳವೆ ಮೇಲೆ ಗಿರಗಿರ ತಿರುಗುತ್ತಲ್ಲ, ತಗಡಿನ ಪಟ್ಟಿ ಬಗ್ಗಿಸಿ ಬುಟ್ಟಿ ಥರ ಮಾಡಿರೋದು. ಗಾಳಿ ಬೀಸಿದ್ರೆ ಅದು ತಿರುಗುತ್ತೆ, ತಿರುಗಿದ್ರೆ ಒಳಗಿನ ಕೆಟ್ಟ ಗಾಳಿ ಮೇಲಕ್ಕೆ ಎಳ್ಕೊಳ್ಳುತ್ತೆ. ಕರೆಂಟು ಬೇಡ, ಕಾಸು ಬೇಡ."

"ಅದು ಹೋಗಿದ್ದು ನಿಮಗೆ ಯಾವಾಗ ಗೊತ್ತಾಯ್ತು?"

"ಈ ಮುದುಕ ಸಾಯೋ ಹಾಗೆ ಆದ ಮೇಲೆ."

ಇನ್ಸ್‌ಪೆಕ್ಟರು ತಲೆಯೆತ್ತಿ ಮುದುಕನತ್ತ ನೋಡಿದರು. ಮುಖ ಇನ್ನೂ ಬಿಳಿಚಿಕೊಂಡಿತ್ತು. ಕೂರಲು ಕುರ್ಚಿ ತರಿಸಿದರು.

"ನಿಮ್ಮ ದೂರು ಏನು ಅಜ್ಜ?"

"ನಂದು ದೂರಲ್ಲ ಸ್ವಾಮಿ. ದೂರಿನ ಉಲ್ಟಾ."

"ಹಾಗಂದ್ರೆ?"

"ನಿನ್ನೆ ಬೆಳಿಗ್ಗೆ ಕಾವಲು ಮುಗಿಸಿ, ಬಕೆಟ್ಟಲ್ಲಿ ಕೆಂಡ ಹಾಕ್ಕೊಂಡು ಆ ಹಿಂದಿನ ಕೋಣೆ ಸೇರ್ಕೊಂಡೆ. ಚಳಿ ನೋಡಿ. ಪ್ರತಿ ಚಳಿಗಾಲ ಹಾಗೇ ಮಲಗೋದು, ಈ ವರ್ಷ ನಿನ್ನೆಯೇ ಮೊದಲು. ಮೇಲೆ ಬುಟ್ಟಿ ತಿರುಗ್ತಾ ಇರುತ್ತೆ ಅನ್ನೋ ಧೈರ್ಯ. ಚಿಲಕ ಹಾಕಿ ಮಲಗಿದೆ. ಕಣ್ಣು ಬಿಟ್ಟಾಗ ಅಂಗಳದಲ್ಲಿದ್ದೆ. ತಲೆ ಕೆಳಗೆ ಯಾರೋ ಗೋಣಿಚೀಲ ಮಡಚಿ ಇಟ್ಟಿದ್ರು. ಬಾಗಿಲು ಮುರಿದು ಬಿದ್ದಿತ್ತು. ಎಳ್ಕೊಂಡು ಬಂದೋನು ಮಾತ್ರ ಇಲ್ಲ. ಅವನನ್ನ ಹುಡುಕಿ ಕೊಡಿ. ಒಂದು ಸಲ ಕೈ ಹಿಡಿದು ಮಾತಾಡ್ಬೇಕು."

ಗಡಿಯಾರ ನಕ್ಕ. "ಅದಕ್ಕೆಲ್ಲ ಫಾರಂ ಇಲ್ಲ ಅಜ್ಜ. ಕದ್ದೋರನ್ನ ಹುಡುಕೋದು ನಮ್ಮ ಕೆಲಸ, ಕಾಪಾಡಿದೋರನ್ನಲ್ಲ."

"ಬಿಳಿ ಹಾಳೆ ತಗೋ," ಎಂದರು ಇನ್ಸ್‌ಪೆಕ್ಟರು. "ಅದನ್ನೂ ಬರ್ಕೊ."

ಗಡಿಯಾರ ಬೆರಗಾದ. ಇನ್ಸ್‌ಪೆಕ್ಟರು ಕಾರಣ ಹೇಳಲಿಲ್ಲ. ಹಿಂದಿನ ವರ್ಷ ಅವರ ಹೆಂಡತಿ ಆಸ್ಪತ್ರೆಯಲ್ಲಿ ಉಸಿರಿಗಾಗಿ ಒದ್ದಾಡುತ್ತಿದ್ದಾಗ, ವಾರ್ಡು ಗುಡಿಸಲು ಬಂದ ಹೆಂಗಸೊಬ್ಬಳು ಯಾರೂ ಹೇಳದೆ ಮಂಚವನ್ನು ಕಿಟಕಿಯ ಪಕ್ಕಕ್ಕೆ ತಳ್ಳಿ, ಕಿಟಕಿ ತೆರೆದು ಹೋಗಿದ್ದಳು. ಹೆಂಡತಿ ಕೊನೆಯ ಎರಡು ದಿನ ಸುಖವಾಗಿ ಉಸಿರಾಡಿದ್ದು ಆ ಕಿಟಕಿಯಿಂದ. ಎಲ್ಲ ಮುಗಿದ ಮೇಲೆ ಇನ್ಸ್‌ಪೆಕ್ಟರು ಆ ಹೆಂಗಸನ್ನು ಹುಡುಕಿಕೊಂಡು ಹೋದರು. ಕೆಲಸ ಬಿಟ್ಟಿದ್ದಳು, ಎಲ್ಲಿ ಹೋದಳೆಂದು ಯಾರಿಗೂ ತಿಳಿಯದು. ಹೇಳದೆ ಉಳಿದ ಆ ಒಂದು ಮಾತು ಈಗಲೂ ಅವರಲ್ಲಿತ್ತು. ದಿನವೂ ದೇವರಿಗೆ ಕೈಮುಗಿಯುವಾಗ ಆ ಹೆಂಗಸಿನ ಪಾಲಿನ ನಮಸ್ಕಾರವನ್ನೂ ದೇವರಿಗೇ ಒಪ್ಪಿಸಿ ಎದ್ದುಬರುತ್ತಿದ್ದರು.

ಕಳವು ಮತ್ತು ಅಜಾಗರೂಕತೆಯಿಂದ ಪ್ರಾಣಕ್ಕೆ ಅಪಾಯ ತಂದ ಆರೋಪದ ಮೇಲೆ ಎಫ್‌ಐಆರ್ ದಾಖಲಾಯಿತು. ಅಜ್ಜನ ಬಿಳಿ ಹಾಳೆಗೆ ಸಂಖ್ಯೆ ಬೀಳಲಿಲ್ಲ. ಅದು ಇನ್ಸ್‌ಪೆಕ್ಟರ ಮೇಜಿನ ಗಾಜಿನಡಿ ಸೇರಿತು.

ಮಧ್ಯಾಹ್ನ ಪಂಚರಿಬ್ಬರ ಸಮ್ಮುಖದಲ್ಲಿ ಸ್ಥಳ ಪಂಚನಾಮೆ ನಡೆಯಿತು. ಹಿಂದಿನ ಕೋಣೆ ಒಂದು ಕಾಲಕ್ಕೆ ತೊಳೆದ ಸೀಸೆಗಳನ್ನು ಒಣಗಿಸುತ್ತಿದ್ದ ಜಾಗ. ಕಿಟಕಿಯಿಲ್ಲ. ಛಾವಣಿಯ ನಡುವೆ ಮೊಳದಗಲದ ಕೊಳವೆಯೊಂದು ಮೇಲಕ್ಕೆ ಹೋಗಿತ್ತು. ನೆಲದ ಮೇಲೆ ಬೂದಿಯಾದ ಕೆಂಡದ ಬಕೆಟ್ಟು, ಒಂದು ಕಂಬಳಿ.

ಮಹಿಳಾ ಕಾನ್‌ಸ್ಟೇಬಲ್ ಏಣಿ ಹತ್ತಿದಳು. ಇನ್ಸ್‌ಪೆಕ್ಟರೂ ಮಂಡಿ ಹಿಡಿದುಕೊಂಡು ಹತ್ತಿದರು.

"ಸಾರ್, ಮುಚ್ಚಳ ಹಾಕಿದ್ದಾನೆ ನೋಡಿ."

ಬುಟ್ಟಿಯಿದ್ದ ಕೊಳವೆಯ ಬಾಯಿಗೆ ತಗಡಿನ ಮುಚ್ಚಳ ಬಿಗಿಯಾಗಿ ಕೂತಿತ್ತು. ಇನ್ಸ್‌ಪೆಕ್ಟರು ಅದರ ಅಂಚಿನ ಮೇಲೆ ಬೆರಳಾಡಿಸಿದರು. ಕೊಯ್ಯಲಿಲ್ಲ. ಅಂಚನ್ನು ಒಳಕ್ಕೆ ಎರಡು ಸಲ ಮಡಚಿ, ತಟ್ಟಿ ನಯ ಮಾಡಲಾಗಿತ್ತು.

"ಕೊಲ್ಲೋಕೆ ಅಂತಲೇ ಮುಚ್ಚಿದ್ದಾನೆ ಅನ್ನಿಸುತ್ತೆ," ಎಂದ ಗಡಿಯಾರ ಕೆಳಗಿನಿಂದ.

"ಕೊಲ್ಲೋನು ಅಂಚು ಮಡಚ್ತಾನೇನಯ್ಯ? ಮುಂದೆ ಯಾರಾದ್ರೂ ಇದನ್ನ ತೆಗೆದ್ರೆ ಅವರ ಕೈ ಕುಯ್ಬಾರ್ದು ಅಂತ ಮಡಚಿದ್ದಾನೆ. ಮಳೆನೀರು ಒಳಗೆ ಇಳೀಬಾರ್ದು ಅಂತ ಮುಚ್ಚಿದ್ದಾನೆ. ಇವನು ಮರ್ಯಾದಸ್ಥ ಕಳ್ಳ."

ಮುಚ್ಚಳ ತೆಗೆದಾಗ ಕೊಳವೆಯ ಒಳಗಡೆ ಜೇಡರಬಲೆಯ ಹರಿದ ಎಳೆಗಳು ಕಂಡವು. ಬೇಸಿಗೆಯಿಂದಲೂ ಕೆಳಗಿನ ಕೋಣೆಯಲ್ಲಿ ಯಾರೂ ಇರಲಿಲ್ಲ ಎಂಬುದಕ್ಕೆ ಜೇಡ ಬರೆದುಕೊಟ್ಟ ಸಾಕ್ಷಿ ಅದು.

ಕೆಳಗಿಳಿದು ಇನ್ಸ್‌ಪೆಕ್ಟರು ಮುರಿದ ಬಾಗಿಲನ್ನು ಪರೀಕ್ಷಿಸಿದರು. ಒಳಚಿಲಕ ಕಿತ್ತು ಬಂದಿತ್ತು. ಹೊರಗಿನಿಂದ ಹೆಗಲು ಕೊಟ್ಟು ಗುದ್ದಿದ ಗುರುತು.

"ಈ ಬಾಗಿಲು ಮುಚ್ಚಿದ್ರೆ ಒಳಗೆ ಮನುಷ್ಯ ಇದ್ದಾನೆ ಅಂತ ಹೊರಗೆ ತಿಳಿಯುತ್ತಾ?" ಎಂದು ಯಜಮಾನರನ್ನು ಕೇಳಿದರು.

"ಇಲ್ಲ ಸಾರ್."

"ಹೊಗೆ ಬಂದಿತ್ತಾ?"

"ಕೆಂಡಕ್ಕೆಲ್ಲಿ ಹೊಗೆ? ವಾಸನೆ ಕೂಡ ಇರಲ್ಲ. ಅದಕ್ಕೇ ಅಲ್ವಾ ಮುದುಕ ಗೊರಕೆ ಹೊಡೀತಾನೇ ಹೋಗ್ತಿದ್ದಿದ್ದು."

"ಅಜ್ಜ ಕೂಗಿಕೊಂಡಿದ್ರಾ?"

"ಎಚ್ಚರ ಇದ್ರೆ ತಾನೇ."

ಇನ್ಸ್‌ಪೆಕ್ಟರು ಗಡಿಯಾರನತ್ತ ತಿರುಗಿದರು. "ಬೀದೀಲಿ ಹೋಗೋನಿಗೆ ಒಳಗಿನ ಅಪಾಯ ಕಾಣೋ ಹಾಗಿರ್ಲಿಲ್ಲ. ಕೊಳವೆ ಮುಚ್ಚಿದೆ ಅಂತ ಗೊತ್ತಿದ್ದೋನಿಗೆ ಮಾತ್ರ ಕಾಣ್ತಿತ್ತು. ಅದು ಗೊತ್ತಿದ್ದೋನು ಊರಿಗೆಲ್ಲ ಒಬ್ಬನೇ."

ಗಡಿಯಾರನ ಪೆನ್ನು ನಿಂತಿತು. "ಅಂದ್ರೆ ಮುಚ್ಚಿದೋನೇ..."

"ಮುರಿದೋನು. ಇಬ್ಬರನ್ನ ಹುಡುಕ್ಬೇಕಾಗಿಲ್ಲ. ದೇವರು ನಮ್ಮ ಅರ್ಧ ಕೆಲಸ ಕಮ್ಮಿ ಮಾಡಿದ. ಈಗ ಹೇಳು, ಅಜ್ಜ ಒಳಗೆ ಕೆಂಡ ಇಟ್ಕೊಂಡು ಮಲಗಿದ್ದು ಅವನಿಗೆ ಹೇಗೆ ತಿಳೀತು?"

ಅಜ್ಜ ಕೆಂಡ ತಂದದ್ದು ಬೀದಿಯ ತುದಿಯ ಚಹಾದಂಗಡಿಯ ಒಲೆಯಿಂದ. ಅಂಗಡಿಯ ಹೆಂಗಸು ಲೋಟ ತೊಳೆಯುತ್ತಲೇ ಉತ್ತರ ಕೊಟ್ಟಳು.

"ಹೌದು, ಅಜ್ಜನಿಗೆ ನಾನೇ ಕೆಂಡ ಕೊಟ್ಟೆ. ಚಳಿ ಅಂದ್ರು. ಮುದುಕರ ಮೂಳೆಗೆ ಇಲ್ಲ ಅನ್ನೋಕಾಗುತ್ತಾ?"

"ಆಮೇಲೆ ಅಂಗಡಿಗೆ ಯಾರು ಬಂದ್ರು?"

"ಬೇಕಾದಷ್ಟು ಜನ."

"ಅಜ್ಜನ ವಿಷಯ ಯಾರಾದ್ರೂ ಕೇಳಿದ್ರಾ?"

ಅವಳ ಕೈ ನಿಂತಿತು. "ತಗಡಿನ ತಮ್ಮಯ್ಯ. ಅದೇ, ಹಿಂದಿನ ಓಣೀಲಿ ತಗಡಿನ ಕೆಲಸ ಮಾಡ್ತಾನಲ್ಲ. ಒಲೆ ಯಾಕಕ್ಕ ಮಂಕಾಗಿದೆ, ಚಹಾ ಇವತ್ತಾ ನಾಳೆನಾ ಅಂತ ರೇಗಿಸ್ದ. ಕೆಂಡ ಎಲ್ಲ ಅಜ್ಜ ತಗೊಂಡು ಹೋದ್ರು ಕಣೋ, ಹಿಂದಿನ ಕೋಣೆ ಬೆಚ್ಚಗೆ ಮಾಡ್ಕೊಂಡು ಮಲಗ್ತಾರಂತೆ ಅಂದೆ. ಕೈಲಿದ್ದ ಲೋಟ ಅಲ್ಲೇ ಬಿಟ್ಟು ಓಡ್ದ. ಲೋಟ ಒಡೀತು. ದೆವ್ವ ಹೊಕ್ಕಿದೆಯೇನೋ ನಿಂಗೆ ಅಂತ ಬೈದೆ."

"ಇದನ್ನ ಯಾರಿಗೂ ಹೇಳ್ಲಿಲ್ವಾ?"

"ಯಾರೂ ಕೇಳ್ಲಿಲ್ಲ."

ಹಿಂದಿನ ಓಣಿಯ ತಗಡಿನ ಅಂಗಡಿಗೆ ಬೀಗವಿತ್ತು. ಅವನ ಅಕ್ಕ ಎದುರಿನ ಬಣ್ಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆ ಎಂದು ಪಕ್ಕದವರು ಹೇಳಿದರು. ಇನ್ಸ್‌ಪೆಕ್ಟರು ರಸ್ತೆ ದಾಟುವಾಗ ತಲೆಯೆತ್ತಿ ನೋಡಿದರು. ಕಾರ್ಖಾನೆಯ ಹಂಚಿನ ಮೇಲೆ ಗಾಳಿಬುಟ್ಟಿಯೊಂದು ಬಿಸಿಲಿಗೆ ಮಿನುಗುತ್ತ ತಿರುಗುತ್ತಿತ್ತು. ಕಳವಿನ ಮಾಲನ್ನು ಇಷ್ಟು ಎತ್ತರದಲ್ಲಿ, ಇಷ್ಟು ಬಹಿರಂಗವಾಗಿ ಇಟ್ಟ ಕಳ್ಳನನ್ನು ಅವರು ತಮ್ಮ ಸೇವೆಯಲ್ಲೇ ಕಂಡಿರಲಿಲ್ಲ.

ಒಳಗೆ ದೊಡ್ಡ ಹಂಡೆಗಳಲ್ಲಿ ನೂಲು ಬೇಯುತ್ತಿತ್ತು. ಒದ್ದೆ ನೂಲಿಗೆ ಧೂಳು ಹತ್ತಬಾರದೆಂದು ಕಿಟಕಿಗಳಿಗೆಲ್ಲ ಹಲಗೆ ಬಡಿದಿದ್ದರು. ಬಣ್ಣದ ಆವಿ ಹಂಡೆಗಳಿಂದ ಎದ್ದು ಛಾವಣಿಯ ಒಂದು ಕಡೆಗೆ ವಾಲಿಕೊಂಡು ಹೋಗುತ್ತಿತ್ತು. ಅಲ್ಲಿ ಕೊಳವೆಯ ಬಾಯಿ. ಇನ್ಸ್‌ಪೆಕ್ಟರು ಸ್ಟೂಲು ಹತ್ತಿ ಒಂದು ಎಳೆ ನೂಲನ್ನು ಹಿಡಿದರು. ನೂಲು ತಾನಾಗಿ ಮೇಲೆದ್ದು ಕೊಳವೆಯತ್ತ ನೆಟ್ಟಗೆ ನಿಂತಿತು. ಯಾರೋ ಮೇಲಿಂದ ಪ್ರೀತಿಯಿಂದ ಎಳೆಯುತ್ತಿದ್ದಂತಿತ್ತು.

ತಗಡಿನವನ ಅಕ್ಕ ಕೈ ಒರೆಸಿಕೊಳ್ಳುತ್ತ ಬಂದಳು. ಮೊಣಕೈವರೆಗೆ ನೀಲಿ.

"ಅದಾ ಸಾರ್? ನನ್ನ ತಮ್ಮ ತಂದು ಕೂರಿಸಿದ್ದು. ಹೋದ ವಾರ." ಅವಳ ಮುಖ ಅರಳಿತು. "ನೀವು ಮೊದಲು ಬರ್ಬೇಕಿತ್ತು, ಒಬ್ಬರ ಮುಖ ಒಬ್ಬರಿಗೆ ಕಾಣ್ತಿರ್ಲಿಲ್ಲ ಇಲ್ಲಿ. ನಾನಂತೂ ಇಡೀ ರಾತ್ರಿ ಕೆಮ್ಮಿ ಕೆಮ್ಮಿ ಗೋಡೆಗೆ ಒರಗಿಕೊಂಡೇ ಇರ್ತಿದ್ದೆ. ಈಗ ಮಲಗಿದ್ರೆ ಬೆಳಗೇ. ನಾವು ಒಂಬತ್ತು ಹೆಂಗಸರೂ ಅವನ ಹೆಸರು ಹೇಳಿ ಉಸಿರಾಡ್ತೀವಿ."

"ಎಲ್ಲಿಂದ ತಂದ ಅಂತ ಹೇಳಿದ್ನಾ?"

"ಒಬ್ಬರು ಬೇಡ ಅಂತ ಬಿಟ್ಟಿದ್ರು ಅಂದ." ಅವಳು ಖಾಕಿಯನ್ನು ಈಗ ಸರಿಯಾಗಿ ನೋಡಿದಳು. ನಗು ಒಂದೊಂದೇ ಎಳೆ ಬಿಚ್ಚಿಕೊಂಡು ಹೋಯಿತು. "ಸಾರ್, ಅವನು ಏನು ಮಾಡಿದ್ದಾನೆ?"

"ಈಗ ಎಲ್ಲಿದ್ದಾನಮ್ಮ?"

"ಮನೇಲಿ. ಹೆಗಲು ಊದಿಕೊಂಡಿದೆ. ಏಣಿಯಿಂದ ಬಿದ್ದೆ ಅಂದ."

ಸಂಜೆ ನಾಲ್ಕೂವರೆಗೆ ಅವನ ಮನೆಯ ಬಾಗಿಲು ತಟ್ಟಿದರು. ಬಾಗಿಲು ತೆರೆದೇ ಇತ್ತು. ಬಲಗೈಯನ್ನು ಬಟ್ಟೆಯ ಜೋಲಿಯಲ್ಲಿ ಕಟ್ಟಿಕೊಂಡು ಅವನು ಹೊಸ್ತಿಲ ಒಳಗೇ ಕೂತಿದ್ದ. ಪೊಲೀಸರನ್ನು ಕಂಡು ಎದ್ದುನಿಂತ. ಓಡಲಿಲ್ಲ. ಅವನ ಬಾಯಿಂದ ಬಂದ ಮೊದಲ ಮಾತು:

"ಅಜ್ಜ ಇದ್ದಾರಾ ಸಾರ್?"

"ಇದ್ದಾರೆ. ನಡೆದಾಡ್ತಿದ್ದಾರೆ."

ಅವನು ಅಲ್ಲೇ ಕುಸಿದು ಕೂತು ಮುಖ ಮುಚ್ಚಿಕೊಂಡ. ಇನ್ಸ್‌ಪೆಕ್ಟರು ಅವನು ಅತ್ತು ಮುಗಿಸುವವರೆಗೆ ಕಾದರು.

"ಬುಟ್ಟಿ ಯಾಕೆ ಕದ್ದೆ?"

"ಅಕ್ಕನ ಕೆಮ್ಮು ಕೇಳೋಕಾಗ್ಲಿಲ್ಲ ಸಾರ್. ಅವಳ ಕಾರ್ಖಾನೆ ಯಜಮಾನರ ಹತ್ರ ಮೂರು ಸಲ ಕೇಳ್ದೆ. ನೋಡೋಣ ಅಂದ್ರು. ಅವರು ನೋಡ್ತಾನೇ ಇದ್ರು, ಇವಳು ಕೆಮ್ತಾನೇ ಇದ್ಳು."

"ನೀನೇ ತಗಡಿನ ಕೆಲಸದವನು. ಮಾಡ್ಕೊಬಹುದಿತ್ತಲ್ಲ?"

"ತಗಡು ನನ್ನ ಮಾತು ಕೇಳುತ್ತೆ, ಬೇರಿಂಗ್ ಕೇಳಲ್ಲ. ಹಳೇ ಬೇರಿಂಗ್ ಹಾಕಿ ಒಂದು ಮಾಡಿದ್ದೆ. ತಿರುಗಲಿಲ್ಲ. ಆಮೇಲೆ ಗೋದಾಮಿನ ಪಕ್ಕದ ಮನೆ ಸೂರಿನ ಮಳೆನೀರಿನ ದೋಣಿ ರಿಪೇರಿಗೆ ಹೋದಾಗ ಇದು ಕಣ್ಣಿಗೆ ಬಿತ್ತು. ಬಿಚ್ಚಿ ನೋಡ್ದೆ, ಒಳಗೆಲ್ಲ ಜೇಡರಬಲೆ. ಖಾಲಿ ಕೋಣೆಗೆ ಇಷ್ಟು ಒಳ್ಳೇ ಉಸಿರು ಯಾಕೆ ಅನ್ನಿಸ್ತು."

"ಕೊಳವೆ ಬಾಯಿ ಹಾಗೇ ತೆರೆದು ಬಿಟ್ಟಿದ್ರೆ ಅಜ್ಜನಿಗೆ ಏನೂ ಆಗ್ತಿರ್ಲಿಲ್ಲ. ಮುಚ್ಚಳ ಯಾಕೆ ಹಾಕಿದೆ?"

ಅವನು ತಲೆ ತಗ್ಗಿಸಿದ. "ಕೆಲಸ ಮಾಡಿದ ಜಾಗದಲ್ಲಿ ಕೊಳವೆ ಬಾಯಿ ತೆರೆದು ಬಿಟ್ಟು ಬರಬಾರ್ದು ಸಾರ್. ಮಳೆ ಬಂದ್ರೆ ಮನೆ ಹಾಳು. ನಮ್ಮಪ್ಪ ಹೊಡೆದು ಕಲಿಸಿದ್ದು. ಕದಿಯೋವಾಗಲೂ ಕೈ ಅದನ್ನ ಮರೀಲಿಲ್ಲ."

ಗಡಿಯಾರ ಬರೆಯುವುದನ್ನು ನಿಲ್ಲಿಸಿ ಮೂಗು ಒರೆಸಿಕೊಂಡ.

ಅವನನ್ನು ಬಂಧಿಸಲಾಯಿತು. ಬುಟ್ಟಿಯ ಜಪ್ತಿಗೆ ಮತ್ತೆ ಪಂಚರು ಬೇಕಾದರು. ಛಾವಣಿಯ ಮೇಲೆ ಪೊಲೀಸರು, ಕೆಳಗೆ ಕೆಲಸ ನಿಲ್ಲಿಸಿ ನಿಂತ ಒಂಬತ್ತು ಹೆಂಗಸರು. ಇದನ್ನು ಕಂಡು ಬಣ್ಣದ ಕಾರ್ಖಾನೆಯ ಯಜಮಾನ ಬೆವರೊರೆಸಿಕೊಳ್ಳುತ್ತ ಬಂದ.

"ಇದನ್ನ ಬಿಚ್ಚಲೇಬೇಕು," ಎಂದರು ಇನ್ಸ್‌ಪೆಕ್ಟರು. "ಬಿಚ್ಚಿದ ಮೇಲೆ ಒಳಗಿನ ಗಾಳಿ ಹೇಗಿದೆ ಅಂತ ನೋಡೋಕೆ ಕಾರ್ಖಾನೆ ಇಲಾಖೆಯವರನ್ನ ಕರೆಸ್ಬೇಕಾಗುತ್ತೆ. ಇಲ್ಲಾಂದ್ರೆ ನೀವೇ ಇವತ್ತು ಹೊಸದು ತರಿಸಿ."

"ತರಿಸ್ತೀನಿ ಸಾರ್, ಎರಡು ತರಿಸ್ತೀನಿ."

ಹೊಸವು ಕೂತು, ತಿರುಗಲು ತೊಡಗಿದ ಮೇಲೆಯೇ ಹಳೆಯದನ್ನು ಇಳಿಸಲಾಯಿತು. ಪಂಚನಾಮೆಯಲ್ಲಿ ಆ ತಡಕ್ಕೆ ಕಾರಣವನ್ನು 'ಗಾಳಿಯ ಅನುಕೂಲಕ್ಕಾಗಿ' ಎಂದು ಬರೆಯಲಾಗಿದೆ.

ಮರುದಿನ ಬೆಳಿಗ್ಗೆ, ಆರೋಪಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಮೊದಲು ಇನ್ಸ್‌ಪೆಕ್ಟರು ಅಜ್ಜನನ್ನು ಕರೆಸಿದರು. ಗೋದಾಮಿನ ಯಜಮಾನರೂ ಬಂದರು.

"ಯಜಮಾನರು ಹುಡುಕಿದೋನು ಇವನೇ," ಎಂದು ಇನ್ಸ್‌ಪೆಕ್ಟರು ಕಂಬದ ಪಕ್ಕ ನಿಂತವನನ್ನು ತೋರಿಸಿದರು. ಗಾಜಿನಡಿಯ ಬಿಳಿ ಹಾಳೆ ತೆಗೆದರು. "ಅಜ್ಜ, ನೀವು ಹುಡುಕಿದೋನೂ ಇವನೇ." ಆಮೇಲೆ ಇಬ್ಬರಿಗೂ ನಡೆದದ್ದನ್ನೆಲ್ಲ ಮುಚ್ಚುಮರೆಯಿಲ್ಲದೆ ಹೇಳಿದರು.

ತಗಡಿನವನು ಅಜ್ಜನ ಕಾಲು ಮುಟ್ಟಲು ಬಗ್ಗಿದ. "ನಿಮ್ಮ ಉಸಿರು ಕಟ್ಟಿಸಿದೋನು ನಾನು ಅಜ್ಜ. ನಂಗೆ ಏನೂ ಹೇಳ್ಬೇಡಿ. ಬೈದುಬಿಡಿ."

ಅಜ್ಜ ಅವನನ್ನು ನೋಡಿದ. ಬೈಗುಳವೂ ತುಟಿಯವರೆಗೆ ಬಂದಂತಿತ್ತು. ಆಮೇಲೆ ಕೈ ಚಾಚಿ, ಊದಿದ ಹೆಗಲನ್ನು ಮೆಲ್ಲಗೆ ಮುಟ್ಟಿದ.

"ಇದೇನಾಪ್ಪ ಬಾಗಿಲು ಮುರಿದ ಹೆಗಲು?"

"ಹೂಂ."

"ಕಟ್ಟಿಸಿದ್ದಕ್ಕೆ ಕೋರ್ಟು ಇದೆ ಮಗಾ, ಅವರು ನೋಡ್ಕೊಳ್ತಾರೆ. ಬಿಡಿಸಿದ್ದಕ್ಕೆ ನಾನೊಬ್ಬನೇ ಇರೋದು. ಆ ಲೆಕ್ಕ ನಾನು ಬಾಕಿ ಇಟ್ಕೊಳ್ಳಲ್ಲ." ಅಜ್ಜ ಅವನ ಎಡಗೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. "ನೀನು ಚೆನ್ನಾಗಿರು."

ಗೋದಾಮಿನ ಯಜಮಾನರು ಕೆಮ್ಮಿ, ಬಿಡುಗಡೆಯಾದ ಮೇಲೆ ಬಾಗಿಲು ರಿಪೇರಿಗೆ ಇವನೇ ಬರಲಿ ಎಂದು ಯಾರಿಗೂ ಅಲ್ಲವೆಂಬಂತೆ ಹೇಳಿದರು.

ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಣ್ಣದ ಹಂಡೆ ಕಲಕಿ ಬೆಳೆಸಿದ ಅಕ್ಕ; ಅವಳಿಗೆ ಒಂದು ರಾತ್ರಿಯ ನಿದ್ರೆ ಕೊಡಬೇಕೆಂದು ಹೊರಟ ತಮ್ಮ. ಅಪರಾಧಕ್ಕೆ ಪ್ರೇರಣೆ ಎಂಬ ಕಾಲಂ ಎದುರು ಇನ್ಸ್‌ಪೆಕ್ಟರು ಬರೆಸಿದ್ದು ಒಂದೇ ಪದ: ಋಣ.

"ಸಾರ್, ಅಜ್ಜನ ಹಾಳೆ ಎಲ್ಲಿ ಸೇರಿಸ್ಲಿ?" ಎಂದು ಗಡಿಯಾರ ಕೇಳಿದ.

"ಕಡತದ ಮೊದಲಿಗೇ ಇಡು. ನ್ಯಾಯಾಧೀಶರು ಅದನ್ನ ಓದಿ ಆಮೇಲೆ ಉಳಿದದ್ದು ಓದಲಿ. ಋಣ ಸಂದಾಯ ಆಯ್ತು ಅಂತ ಕೆಳಗೆ ಬರೆದು ವೇಳೆ ಹಾಕು."

ಗಡಿಯಾರ ಬರೆದ, ವೇಳೆಯ ಜಾಗ ಮಾತ್ರ ಖಾಲಿ ಬಿಟ್ಟ. ಅಜ್ಜ ಕೈ ಹಿಡಿದಾಗ ಗಂಟೆ ನೋಡಲು ಅವನು ಮರೆತಿದ್ದ.

ಇನ್ಸ್‌ಪೆಕ್ಟರು ಎದ್ದು ಹೋಗಿ, ಧೂಳು ಬರುತ್ತದೆಂದು ವರ್ಷದಿಂದ ಮುಚ್ಚಿಟ್ಟಿದ್ದ ತಮ್ಮ ಕುರ್ಚಿಯ ಹಿಂದಿನ ಕಿಟಕಿಯ ಅಗುಳಿ ತೆಗೆದರು. ಮೇಜಿನ ಮೇಲಿನ ಕಾಗದಗಳು ಹಾರಿದವು. ಯಾರೂ ಹಿಡಿಯಲಿಲ್ಲ. ಇನ್ಸ್‌ಪೆಕ್ಟರು ಕಿಟಕಿಯ ಕಡೆ ತಿರುಗಿ, ಹೆಸರು ತಿಳಿಯದ ಒಬ್ಬ ಹೆಂಗಸಿಗೆ ಕೈಮುಗಿದರು.